ಪೈಲ್ವಾನನ ಕೈಗೆ ನಿಧಾನದ ಚೆಂಡು

ದೈಹಿಕ ಶಿಕ್ಷಕರಾಗಿ ಹೊಸದಾಗಿ ನೌಕರಿಗೆ ಸೇರಿದವರು ಒಮ್ಮೊಮ್ಮೆ ಹಳಿಯಾಳದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, "ಸರ್, ನಿಮ್ಮ ಅನುಭವ ಏನರೆ ಹೇಳ್ರಿ" ಎನ್ನುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಒಳಗಿನಿಂದ ನನ್ನ ಹೆಂಡತಿ ಶಾಂತಾ, "ಅವರನ್ನ ಕೇಳಬ್ಯಾಡ್ರಿ, ಸಂಜೀತನಕ ಹೇಳ್ತಾರ. ನನ್ನ ಕೇಳ್ರಿ, ಲಗೂನ ಮುಗೀತೈತಿ" ಎನ್ನುತ್ತಾಳೆ. ಅವಳ ಬಾಯಿಗೆ ಬೀಳುವ ಬದಲು ನಾನೇ ಬರೆದುಬಿಡುವುದು ಲೇಸು ಎಂದು ಕೂತಿದ್ದೇನೆ.

ಮೊದಲಿಗೆ ಒಂದು ಮಾತು. ಈ ನೌಕರಿಯಲ್ಲಿ ಆಟ ಕಲಿಸುವುದು ಉಳಿದ ಕೆಲಸಗಳೆಲ್ಲ ಮುಗಿದ ಮೇಲೆ ಬರುವ ಕೆಲಸ. ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸಬೇಕು, ತಡವಾಗಿ ಬಂದವರನ್ನು ಗದರಿಸಬೇಕು, ಊರಿನ ದನ ಮೈದಾನಕ್ಕೆ ನುಗ್ಗಿದರೆ ಹೊಡೆದಟ್ಟಬೇಕು. ಯಾವ ಮಾಸ್ತರು ರಜೆ ಹಾಕಿದರೂ, "ಪಿ.ಟಿ. ಸರ್, ಆ ಕ್ಲಾಸಿಗೆ ಹೋಗ್ರಿ, ಹುಡುಗರನ್ನ ಸುಮ್ಮನ ಕೂಡಸ್ರಿ" ಎಂಬ ಆಜ್ಞೆ ಬರುತ್ತದೆ. ಗಣಿತದ ಮಾಸ್ತರು ಗಣಿತ ಕಲಿಸುತ್ತಾರೆ, ನಾವು ಸುಮ್ಮನೆ ಕೂಡುವುದನ್ನು ಕಲಿಸುತ್ತೇವೆ.

ನಾನು ಮೂಲತಃ ಕುಸ್ತಿಯವನು. ನಮ್ಮ ಊರಲ್ಲಿ ಮೀಸೆ ಬರುವ ಮೊದಲೇ ಗಂಡುಮಕ್ಕಳು ಗರಡಿ ಮನೆಯ ಕೆಂಪು ಮಣ್ಣು ಮೈಗೆ ಬಳಿದುಕೊಳ್ಳುತ್ತಾರೆ. ನಾನೂ ಬಳಿದುಕೊಂಡೆ. ಪೈಲ್ವಾನ ಎಂಬ ಹೆಸರೂ ಬಂತು. ಗೆದ್ದದ್ದಕ್ಕಿಂತ ತಿಂದದ್ದಕ್ಕೆ ಆ ಹೆಸರು ಬಂತು ಎಂದು ಶಾಂತಾ ಹೇಳುತ್ತಾಳೆ. ಅದರ ಬಲದ ಮೇಲೆ ತರಬೇತಿ ಮುಗಿಸಿ ದೈಹಿಕ ಶಿಕ್ಷಕನಾದೆ. ಮೊದಲ ಶಾಲೆ ಗೋವಾ ರಸ್ತೆಯ ರಾಮನಗರದಲ್ಲಿ ಸಿಕ್ಕಿತು.

ಅಲ್ಲಿಗೆ ಹೋದ ವರ್ಷವೇ ಮೇಲಿನ ಕಚೇರಿಯಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಒಳಗೆ ಬೇಸ್‌ಬಾಲ್ ಸಾಮಾನು. ಆ ಆಟವನ್ನು ನಾನು ಕಣ್ಣಿನಿಂದ ಕಂಡವನಲ್ಲ. ದಾಂಡು ಗುರುತು ಸಿಕ್ಕಿತು, ಚೆಂಡೂ ಗುರುತು ಸಿಕ್ಕಿತು. ಚರ್ಮದ ದಪ್ಪ ಗ್ಲೌಸುಗಳನ್ನು ನೋಡಿ ತಲೆ ತಿರುಗಿತು. ಯಾವುದನ್ನು ಹಾಕಿಕೊಂಡರೂ ಎಡಗೈಗೇ ಕೂಡುತ್ತಿತ್ತು. ಬಲಗೈಯವನ್ನು ಕಳಿಸುವುದನ್ನು ಮರೆತಿದ್ದಾರೆ ಎಂದು ತೀರ್ಮಾನಿಸಿ, ಸಾಹೇಬರಿಗೆ ವಿನಯಪೂರ್ವಕ ಅರ್ಜಿ ಬರೆದೆ. ಬಾಕಿ ಇರುವ ಬಲಗೈ ಗ್ಲೌಸುಗಳನ್ನು ದಯಮಾಡಿ ಒದಗಿಸಬೇಕು, ಅಲ್ಲಿಯವರೆಗೆ ಆಟ ಆರಂಭಿಸಲು ಸಾಧ್ಯವಿಲ್ಲ ಎಂದು. ಸಾಹೇಬರೂ ನನ್ನಂತೆಯೇ ಕಬಡ್ಡಿ ಕುಸ್ತಿಯ ಕಾಲದವರು. ಶೀಘ್ರದಲ್ಲಿ ಪೂರೈಸಲಾಗುವುದು ಎಂದು ಸಹಿ ಹಾಕಿ ಉತ್ತರ ಕಳಿಸಿದರು. ನಾವು ಕಾದೆವು.

ಕಾಯುತ್ತಲೇ ಇರುತ್ತಿದ್ದೆವೇನೋ. ಗೋವಾ ಕಡೆಯ ಒಂದು ಶಾಲೆಯ ಮಕ್ಕಳು ಪ್ರವಾಸಕ್ಕೆಂದು ಬಂದವರು ನಮ್ಮ ಮೈದಾನದಲ್ಲಿ ಇಳಿದು, ಎಡಗೈಗೆ ಒಂದೊಂದೇ ಗ್ಲೌಸು ಹಾಕಿಕೊಂಡು, ಅದರಲ್ಲಿ ಚೆಂಡು ಹಿಡಿದು ಬಲಗೈಯಿಂದ ಎಸೆಯತೊಡಗಿದರು. ನಮ್ಮ ಹುಡುಗರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಒಬ್ಬ ಕೊಂಕಣಿಯಲ್ಲಿ ಏನೋ ಅಂದ, ಎಲ್ಲರೂ ನಕ್ಕರು. ಅದರ ಅರ್ಥವನ್ನು ನಾನು ಇವತ್ತಿನವರೆಗೂ ಯಾರನ್ನೂ ಕೇಳಿಲ್ಲ.

ಆಮೇಲೆ ನಿಯಮ ಓದಿದೆ, ಧಾರವಾಡದ ಒಂದು ತರಬೇತಿ ಶಿಬಿರಕ್ಕೂ ಹೋಗಿಬಂದೆ. ಮುಂಡಗೋಡ ತಾಲೂಕಿಗೆ ವರ್ಗವಾಗುವ ಹೊತ್ತಿಗೆ ಬೇಸ್‌ಬಾಲ್ ಕಲಿಸುವ ಮಾಸ್ತರು ಎಂಬ ಖ್ಯಾತಿ ನನ್ನದಾಗಿತ್ತು. ಸುತ್ತಮುತ್ತ ಬೇರೆ ಯಾರೂ ಕಲಿಸುತ್ತಿರಲಿಲ್ಲವಾದ್ದರಿಂದ ಖ್ಯಾತಿಗೆ ಕಷ್ಟವಾಗಲಿಲ್ಲ.

ಅಲ್ಲಿ ಸಿಕ್ಕವಳು ಮಹಾದೇವಿ. ಸನವಳ್ಳಿಯ ಹುಡುಗಿ, ಒಂಬತ್ತನೆಯ ತರಗತಿ, ಕಡ್ಡಿಯಂಥ ಮೈ. ಗೋವಿನಜೋಳದ ಹೊಲಕ್ಕೆ ಬೀಳುವ ಮಂಗಗಳಿಗೆ ಮಣ್ಣಿನ ಹೆಂಟೆ ಎಸೆದು ಎಸೆದು ಅವಳ ತೋಳು ಕಬ್ಬಿಣವಾಗಿತ್ತು. ಮೊದಲ ದಿನ ಅವಳು ಎಸೆದ ಚೆಂಡು ಹಿಡಿಯಲು ನಾನೇ ಕೂತೆ. ಹಿಡಿದೆ ಕೂಡ, ಹೊಟ್ಟೆಯಲ್ಲಿ. ಮರುದಿನದಿಂದ ಹಿಡಿಯುವ ಕೆಲಸವನ್ನು ಶಮೀಮಳಿಗೆ ವಹಿಸಿದೆ. ಶಮೀಮ ಮುಂಡಗೋಡದ ಗ್ಯಾರೇಜಿನ ಮೆಕ್ಯಾನಿಕರೊಬ್ಬರ ಮಗಳು, ಯಾವುದಕ್ಕೂ ಹೆದರದ ಹುಡುಗಿ, ಬಾಯಿ ಸ್ವಲ್ಪ ಜೋರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಚೆಂಡು ಎಸೆಯುವವಳು ಪಿಚರ್, ಬ್ಯಾಟಿನವಳ ಹಿಂದೆ ಕೂತು ಅದನ್ನು ಹಿಡಿಯುವವಳು ಕ್ಯಾಚರ್. ಬ್ಯಾಟಿನವಳು ಮೂರು ಸಲ ಬೀಸಿ ಮೂರು ಸಲವೂ ತಪ್ಪಿದರೆ ಔಟ್. ಮಹಾದೇವಿಯ ಚೆಂಡಿಗೆ ತಾಲೂಕಿನಲ್ಲಿ ಯಾರ ಬ್ಯಾಟೂ ತಾಗಲಿಲ್ಲ. ಜಿಲ್ಲೆಯಲ್ಲಿ ಅಲ್ಲಲ್ಲಿ ತಾಗಿತು. ವಿಭಾಗ ಮಟ್ಟಕ್ಕೆ ಹೋದಾಗ ಪಂದ್ಯದ ಮೊದಲೆರಡು ಸುತ್ತು ಬೀಸಿ ತಪ್ಪಿದವರು ಮೂರನೆಯ ಸುತ್ತಿಗೆ ಬಡಿಯತೊಡಗಿದರು. ಅವಳ ಹತ್ತಿರ ಇದ್ದದ್ದು ಒಂದೇ ವೇಗ. ಅದೆಷ್ಟೇ ಜೋರಾಗಿದ್ದರೂ ಬ್ಯಾಟಿನವಳ ಕೈಗೆ ಒಮ್ಮೆ ಅಂದಾಜು ಸಿಕ್ಕಿತೆಂದರೆ ಮುಗಿಯಿತು. ಸೋತು ಬಸ್ಸಿನಲ್ಲಿ ಬರುವಾಗ ಅವಳು ಅಳಲಿಲ್ಲ. ನನ್ನ ಪಕ್ಕ ಬಂದು ಕೂತು, "ಸರ್, ನಂದು ಎಲ್ಲಿ ತಪ್ಪಾತ್ರಿ?" ಎಂದು ಕೇಳಿದಳು. ವೇಗದ ಈ ಲೆಕ್ಕ ನನಗೆ ಆಗಿನ್ನೂ ಹೊಳೆದಿರಲಿಲ್ಲ. "ಊಟ ಕಡಿಮಿ ಆಗೇತಿ" ಎಂದೆ.

ಅವಳ ತಂದೆ ನೇರ ಮನುಷ್ಯ. ಶಾಲೆಗೆ ಬಂದು ನನ್ನೆದುರಿಗೇ ಮಗಳಿಗೆ ಹೇಳಿಹೋದರು. "ಮುಂದಿನ ವರ್ಷ ಹತ್ತನೇದ್ದು. ರಾಜ್ಯದ ಟೀಮಿಗೆ ಆರಿಸಿ ಬಂದಿ ಅಂದ್ರ ಕ್ರೀಡಾ ಹಾಸ್ಟೆಲ್ಲಿಗೆ ನಾನ ಖುದ್ದ ಬಿಟ್ಟ ಬರ್ತೇನಿ. ಇಲ್ಲಾಂದ್ರ ಆಟ ಸಾಕವ್ವ, ಸುಮ್ಮನ ಓದು." ಅದರಲ್ಲಿ ತಪ್ಪೇನೂ ಇರಲಿಲ್ಲ. ಮಹಾದೇವಿ ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳು ಆಟ ಬಿಡುವುದೋ ಮುಂದೆ ಹೋಗುವುದೋ ನನ್ನ ಅರೆಬರೆ ವಿದ್ಯೆಯ ಮೇಲೆ ನಿಂತಿತ್ತು.

ಆಗ ನೆನಪಾದದ್ದು ಚೇಂಜಪ್. ಧಾರವಾಡದ ಶಿಬಿರದಲ್ಲಿ ಅದನ್ನು ಕಲಿಸಿದ್ದರು. ದುರ್ದೈವ, ಕಲಿಸಿದ್ದು ಮಧ್ಯಾಹ್ನದ ಊಟಕ್ಕೆ ಗೋಧಿ ಹುಗ್ಗಿ ಇದ್ದ ದಿನ. ನನಗೆ ಆ ಚೆಂಡಿನ ಹೆಸರು ಮಾತ್ರ ನೆನಪಿತ್ತು, ಉಳಿದದ್ದು ನಿದ್ದೆಯಲ್ಲಿ ಹೋಗಿತ್ತು. ಕೊನೆಗೆ ಮೊಬೈಲಿನಲ್ಲಿ ವಿಡಿಯೋ ಹುಡುಕಿದೆ. ಸಂಗತಿ ಸರಳವಾಗಿತ್ತು. ತೋಳು ಜೋರಿನ ಚೆಂಡಿಗೆ ಹೇಗೆ ಬೀಸುತ್ತದೋ ಹಾಗೆಯೇ ಬೀಸಬೇಕು, ಚೆಂಡು ಮಾತ್ರ ನಿಧಾನವಾಗಿ ಹೋಗಬೇಕು. ಬ್ಯಾಟಿನವಳು ತೋಳನ್ನು ನಂಬಿ ಮೊದಲೇ ಬೀಸಿ ಮೋಸ ಹೋಗುತ್ತಾಳೆ. ಎಲ್ಲ ಗುಟ್ಟು ಹಿಡಿಯುವುದರಲ್ಲಿದೆ. ಜೋರಿನ ಚೆಂಡನ್ನು ಬೆರಳ ತುದಿಯಲ್ಲಿ ಹಿಡಿಯುತ್ತೇವೆ. ಇದನ್ನು ಅಂಗೈಯೊಳಗೆ ಆಳವಾಗಿ ಕೂರಿಸಿ, ಹೆಬ್ಬೆರಳು ತೋರುಬೆರಳುಗಳನ್ನು ಒಂದು ಬದಿಯಲ್ಲಿ ಉಂಗುರದ ಹಾಗೆ ಸೇರಿಸಿ, ಉಳಿದ ಮೂರು ಬೆರಳನ್ನು ಮೇಲೆ ಸಡಿಲವಾಗಿ ಇಡಬೇಕು. ಆಗ ತೋಳಿನ ಜೋರು ಚೆಂಡಿಗೆ ಪೂರ್ತಿ ಸೇರುವುದಿಲ್ಲ.

ಸಡಿಲವಾಗಿ! ನಮ್ಮ ಗರಡಿ ಮನೆಯಲ್ಲಿ ಆ ಶಬ್ದವೇ ಇರಲಿಲ್ಲ. ಹಿಡಿದರೆ ಉಡದ ಹಿಡಿತ ಹಿಡಿಯಬೇಕು, ಎದುರಾಳಿ ಚಿತ್ ಆಗುವವರೆಗೂ ಬಿಡಬಾರದು ಎಂದು ನಮಗೆ ಕಲಿಸಿದ್ದರು. ಮನೆಯಲ್ಲಿ ಕೂತು ಅಭ್ಯಾಸ ಮಾಡುತ್ತಿದ್ದರೆ ಬೆರಳಿನ ಗೆಣ್ಣು ಬೆಳ್ಳಗಾಗುತ್ತಿತ್ತು. ಶಾಂತಾ ರೊಟ್ಟಿ ಬಡಿಯುತ್ತ ನೋಡಿ, "ಅದು ಚೆಂಡ್ರಿ, ಯಾರದರೆ ಕುತ್ತಗಿ ಅಲ್ಲ. ಪಾಪ, ಉಸಿರಾಡ್ಲಿಕ್ಕೆ ಬಿಡ್ರಿ" ಎಂದಳು. ಸರಿ ಎಂದು ಸಡಿಲ ಬಿಟ್ಟು ಗೋಡೆಯ ಕಡೆ ಎಸೆದೆ. ಅದು ಗೋಡೆಗೆ ಹೋಗದೆ ಮೊಸರಿನ ಗಡಿಗೆಗೆ ಹೋಯಿತು. ಅಂದಿನಿಂದ ನನಗೂ ಚೆಂಡಿಗೂ ಅಂಗಳದಾಚೆಯ ಬಾಳ್ವೆ.

ಮಹಾದೇವಿಗೂ ನಾನು ಉಂಗುರದ ಹಿಡಿತವನ್ನೇ ಕಲಿಸಿದೆ. ಚೆಂಡು ಒಮ್ಮೆ ಅವಳ ಕಾಲ ಬುಡದಲ್ಲೇ ಬೀಳುವುದು, ಒಮ್ಮೆ ಶಮೀಮಳ ತಲೆಯ ಮೇಲಿಂದ ಹಾರಿ ಬಿಸಿಯೂಟದ ಕೋಣೆಯ ತನಕ ಹೋಗುವುದು. ಅಡುಗೆಯವರು ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿಡತೊಡಗಿದರು. ನಾನು ಮೊಬೈಲ್ ಹಿಡಿದುಕೊಂಡು, "ನೋಡವ್ವ, ಇದರಾಗ ಹೆಂಗ ಹಿಡಿದಾರ ಹಂಗ ಹಿಡಿ" ಎಂದು ಗದರುತ್ತಿದ್ದೆ. ವಾರಗಟ್ಟಲೆ ಇದೇ ನಡೆಯಿತು. ಕೊನೆಗೊಂದು ದಿನ ಶಮೀಮ ವಿಡಿಯೋ ನೋಡಿ, "ಸರ್, ಈ ಮನಶ್ಯಾನ ಕೈ ನೋಡ್ರಿ, ಬೂಟಿನ ಡಬ್ಬಿ ಇದ್ದಂಗೈತಿ. ಮಹಾದೇವೀದು ನೋಡ್ರಿ" ಎಂದಳು. ಮಹಾದೇವಿ ಕೈ ಚಾಚಿದಳು. ಆ ಪುಟ್ಟ ಕೈಯಲ್ಲಿ ಉಂಗುರ ಮಾಡಿದರೆ ಚೆಂಡು ಹಿಡಿಯಲು ಬೆರಳೇ ಉಳಿಯುತ್ತಿರಲಿಲ್ಲ. ನಾನು ಅಷ್ಟು ದಿನ ನೋಡಿದ್ದು ಮೊಬೈಲನ್ನು, ಅವಳ ಕೈಯನ್ನಲ್ಲ.

ಉಂಗುರ ಬಿಟ್ಟೆವು. ಮೂರು ಬೆರಳು ಮೇಲೆ, ಹೆಬ್ಬೆರಳು ಕಿರುಬೆರಳು ಕೆಳಗೆ ಆಧಾರಕ್ಕೆ. ಸಣ್ಣ ಕೈಯವರಿಗೆ ಇದೇ ಸರಿ ಎಂದು ಇನ್ನೊಂದು ವಿಡಿಯೋದಲ್ಲಿ ಸಿಕ್ಕಿತು. ಬಿಗಿ ಎಷ್ಟಿರಬೇಕೆಂದು ತಿಳಿಯಲು ಮಾಗಿದ ಪೇರಲ ಹಣ್ಣು ಹಿಡಿಸಿದೆ. ಹಿಡಿದು ತೋಳು ಬೀಸಿದ ಮೇಲೆ ಹಣ್ಣಿನ ಮೇಲೆ ಬೆರಳಿನ ಗುರುತು ಮೂಡಬಾರದು, ಹಣ್ಣು ಕೈಯಿಂದ ಜಾರಲೂಬಾರದು. ಗುರುತು ಮೂಡಿದ ಹಣ್ಣನ್ನು ಅಲ್ಲೇ ತಿಂದು ಮುಗಿಸುವುದು ಪದ್ಧತಿಯಾಯಿತು. ತಂಡದಲ್ಲಿ ಎಲ್ಲರೂ ಬೇಕೆಂದೇ ಬಿಗಿಯಾಗಿ ಹಿಡಿಯತೊಡಗಿದಾಗ ಆ ಪ್ರಯೋಗ ನಿಲ್ಲಿಸಿದೆ.

ಚೆಂಡು ನಿಧಾನವಾಯಿತು, ಆದರೆ ತೋಳೂ ನಿಧಾನವಾಯಿತು. ನಿಧಾನದ್ದು ಎಸೆಯುತ್ತೇನೆ ಎಂಬುದು ಮನಸ್ಸಿನಲ್ಲಿ ಬಂದ ಕೂಡಲೇ ಅವಳ ಭುಜ ಇಳಿಯುತ್ತಿತ್ತು. ಅದನ್ನು ನೋಡಿದ ಯಾರಾದರೂ ಬಡಿಯಬಹುದಿತ್ತು. "ತೋಳು ಜೋರು, ಚೆಂಡು ನಿಧಾನ" ಎಂದು ನಾನು ದಿನವೂ ಕೂಗಿದೆ. ಕೂಗುವುದರಿಂದ ಯಾರಿಗೂ ಏನೂ ಬರುವುದಿಲ್ಲ ಎಂಬುದು ನನಗೆ ನೌಕರಿಯ ಕೊನೆಯ ವರ್ಷಗಳಲ್ಲಿ ತಿಳಿಯಿತು. ಒಂದು ದಿನ ಮಹಾದೇವಿಯೇ ಎಸೆಯುವುದನ್ನು ನಿಲ್ಲಿಸಿ ಯೋಚಿಸಿದಳು.

"ಸರ್, ಇದು ಮಂಗ್ಯಾನ ಲೆಕ್ಕ ಐತ್ರಿ."

"ಹೆಂಗ?"

"ಹೊಲದಾಗ ಕೈಯಾಗ ಹೆಂಟಿ ಇಲ್ಲದಾಗ ಸುಳ್ಳ ಸುಳ್ಳ ಕೈ ಎತ್ತಿದ್ರ ಮಂಗ್ಯಾ ಕದಲೂದಿಲ್ರಿ, ಹಲ್ಲ ಕಿಸೀತೈತಿ. ಹೆಂಟಿ ಇದ್ದಂಗ ಪೂರಾ ಬೀಸಿದ್ರ ಓಡತೈತಿ. ಕೈ ಖಾಲಿ ಐತಿ ಅನ್ನೂದು ನನಗೂ ಮರೀಬೇಕ್ರಿ."

ಅಂದಿನಿಂದ ಅವಳು ಬರಿಗೈ ಬೀಸುವುದು, ಜೋರಿನದು ಎಸೆಯುವುದು, ನಿಧಾನದ್ದು ಎಸೆಯುವುದು, ಮೂರನ್ನೂ ಕಲಸಿ ಅಭ್ಯಾಸ ಮಾಡಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದು ಯಾವುದೆಂದು ನನಗೇ ಗುರುತು ಸಿಗದಾಯಿತು. ಆಗಲೇ ಒಬ್ಬ ಸಾಹೇಬರು ತಪಾಸಣೆಗೆ ಬಂದರು. ನಾನು ಹೆಮ್ಮೆಯಿಂದ ನಿಧಾನದ ಚೆಂಡು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, "ಈ ಹುಡುಗಿಗೆ ಶಕ್ತಿ ಇಲ್ಲಲ್ರಿ. ಒಂದು ತತ್ತಿ ಜಾಸ್ತಿ ಕೊಡ್ರಿ" ಎಂದು ಸೂಚನೆ ಕೊಟ್ಟು ಹೋದರು. ಮಹಾದೇವಿ ಮೊಟ್ಟೆ ತಿನ್ನುವವಳಲ್ಲ. ಸಾಹೇಬರ ಆಜ್ಞೆ ಮೀರಬಾರದೆಂದು ಶಮೀಮ ತಿಂದಳು.

ಆ ವರ್ಷ ತಾಲೂಕು ಗೆದ್ದೆವು, ಜಿಲ್ಲೆ ಗೆದ್ದೆವು. ವಿಭಾಗ ಮಟ್ಟದ ಕೊನೆಯ ಪಂದ್ಯಕ್ಕೆ ಎದುರು ಬಂದದ್ದು ಬೆಳಗಾವಿ ಕಡೆಯ ತಂಡ. ಅವರ ಮಾಸ್ತರು ಪಾಟೀಲ ಎಂಬುವರು, ದಪ್ಪ ಮೀಸೆಯ, ಕಡಿಮೆ ಮಾತಿನ ಮನುಷ್ಯ. ಮೈದಾನದ ಬದಿಯ ಶಾಮಿಯಾನದಲ್ಲಿ ರಾಜ್ಯ ತಂಡವನ್ನು ಆರಿಸುವವರು ಕೂತಿದ್ದರು. ಮಹಾದೇವಿಯ ತಂದೆಯೂ ಬಂದು ಬೇಲಿಯ ಹತ್ತಿರ ನಿಂತಿದ್ದರು.

ಯಾವ ಚೆಂಡು ಎಸೆಯಬೇಕೆಂದು ಬೆಂಚಿನ ಮೇಲಿನಿಂದ ನಾನೇ ಸನ್ನೆ ಮಾಡಿ ತಿಳಿಸುವುದು ಎಂದು ನಿಶ್ಚಯವಾಗಿತ್ತು. ಟೊಪ್ಪಿಗೆ ಮುಟ್ಟಿ ಮೂಗು ಮುಟ್ಟಿದರೆ ಜೋರಿನದು. ಮೂಗು ಮುಟ್ಟಿ ಕಿವಿ ಮುಟ್ಟಿದರೆ ನಿಧಾನದ್ದು. ನಡುವೆ ಸುಮ್ಮನೆ ಗದ್ದ ಕೆರೆದುಕೊಳ್ಳುವುದು, ಎದುರಿನವರ ದಾರಿ ತಪ್ಪಿಸಲಿಕ್ಕೆ. ಈ ಯೋಜನೆಯ ಬಗ್ಗೆ ನನಗೆ ಬಹಳ ಅಭಿಮಾನವಿತ್ತು. ಗುಪ್ತಚರ ಇಲಾಖೆಯವರು ನನ್ನನ್ನು ಕಳೆದುಕೊಂಡರಲ್ಲ ಎಂದು ಶಾಂತಾಳ ಹತ್ತಿರ ಹೇಳಿಯೂ ಇದ್ದೆ.

ಮೊದಲು ಎಲ್ಲ ಚೆನ್ನಾಗಿ ನಡೆಯಿತು. ನಿಧಾನದ ಚೆಂಡಿಗೆ ಬೆಳಗಾವಿಯ ಹುಡುಗಿಯರು ಗಾಳಿಗೆ ಬೀಸಿ ಮುಗ್ಗರಿಸಿದರು. ಮೂರನೆಯ ಸುತ್ತಿನಿಂದ ಏನಾಯಿತೋ, ನಿಧಾನದ್ದು ಎಸೆದಾಗಲೆಲ್ಲ ಅವರು ಕಾದು ನಿಂತು ಟಣ್ ಎಂದು ಬಡಿಯತೊಡಗಿದರು. ಜೋರಿನದಕ್ಕೆ ಬೇಗ ಬೀಸುತ್ತಿದ್ದರು, ನಿಧಾನದ್ದಕ್ಕೆ ತಡೆದು ಬೀಸುತ್ತಿದ್ದರು, ಯಾರೋ ಕಿವಿಯಲ್ಲಿ ಹೇಳಿದ ಹಾಗೆ. ನಮ್ಮ ಕೈಯಲ್ಲಿದ್ದ ಪಂದ್ಯ ಸಮಬಲಕ್ಕೆ ಬಂತು. ಶಾಮಿಯಾನದಲ್ಲಿ ಒಬ್ಬರು ತಲೆ ಅಲ್ಲಾಡಿಸಿದ್ದನ್ನು ಕಂಡೆ. ಮಹಾದೇವಿ ತನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳು, ಬೆರಳಿನಲ್ಲೇ ದೋಷವಿದೆ ಎಂಬಂತೆ. "ತೋಳು ಇಳೀತೇನವ್ವ?" ಎಂದು ನಾನೂ ಗದರಿದೆ.

ವಿರಾಮಕ್ಕೆ ಬಂದಾಗ ಶಮೀಮ ನನ್ನ ಮುಂದೆ ನಿಂತಳು. ಕ್ಯಾಚರ್ ಕೂಡುವುದು ಬ್ಯಾಟಿನವಳ ಹಿಂದೆಯೇ. ಬ್ಯಾಟಿನವಳ ಮುಖ ಎತ್ತ ತಿರುಗುತ್ತದೆ ಎಂಬುದು ಅಲ್ಲಿಂದ ಚೆನ್ನಾಗಿ ಕಾಣುತ್ತದೆ.

"ಸರ್, ಅವರು ಮಹಾದೇವೀನ್ನ ನೋಡವಲ್ರು. ನಿಮ್ಮನ್ನ ನೋಡಾಕತ್ತಾರ."

"ನನ್ನ ಸನ್ನೆ ತಿಳೀತೇನು? ಶಕ್ಯ ಇಲ್ಲ."

"ಸನ್ನೆ ಅಲ್ರಿ ಸರ್. ತೊಡಿ."

"ಯಾವ ತೊಡಿ?"

"ನಿಮ್ಮ ತೊಡೀರಿ. ನಿಧಾನದ್ದು ಬರೂ ಮೊದಲ ನೀವು ಶಡ್ಡು ಹೊಡೀತೀರಿ."

ನಾನು ನಕ್ಕೆ. ಯಾರೂ ನಗಲಿಲ್ಲ. ಇಡೀ ತಂಡ ತಲೆ ತಗ್ಗಿಸಿತು. ಕುಸ್ತಿಯ ಕಣಕ್ಕೆ ಇಳಿಯುವ ಪೈಲ್ವಾನ ತೊಡೆ ತಟ್ಟಿ ಎದುರಾಳಿಯನ್ನು ಕರೆಯುತ್ತಾನಲ್ಲ, ಅದು ಶಡ್ಡು. ನಾನು ಮಣ್ಣು ಬಿಟ್ಟು ಎಷ್ಟೋ ಕಾಲವಾಗಿತ್ತು, ನನ್ನ ಕೈಗೆ ಅದು ಗೊತ್ತಿರಲಿಲ್ಲ. ನಿಧಾನದ ಚೆಂಡಿಗೆ ಸನ್ನೆ ಮಾಡಿದ ಕೂಡಲೇ, ಈಗ ನೋಡು ಮಜಾ ಎಂದು ಕೈ ತಾನಾಗಿ ತೊಡೆಗೆ ಬಡಿಯುತ್ತಿತ್ತು. ಎದುರಿನ ಪಾಟೀಲರೂ ಗರಡಿ ಮನೆಯಲ್ಲಿ ಬೆಳೆದವರು, ಕಂಡ ಕೂಡಲೇ ಗುರುತು ಹಿಡಿದು ತಮ್ಮ ಹುಡುಗಿಯರಿಗೆ ಹೇಳಿಕೊಟ್ಟಿದ್ದರು. ಬೇರೆ ಯಾರಾದರೂ ಸೊಳ್ಳೆ ಹೊಡೆಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

"ಮೊದಲ ಯಾಕ ಹೇಳಲಿಲ್ಲ?" ಎಂದೆ.

"ದಿನಾ ಹೊಡೀತಿದ್ರಿ ಸರ್. ನಮಗ ರೂಢಿ ಆಗಿತ್ತು" ಎಂದಳು ಶಮೀಮ.

ಕೈ ಕಟ್ಟಿಕೊಂಡು ಕೂಡುತ್ತೇನೆ ಎಂದೆ. ಪರೀಕ್ಷೆ ಮಾಡಿ ನೋಡಿದರು. ಕೈ ಕಟ್ಟಿದರೆ ನಾನು ಕಣ್ಣು ಅಗಲ ಮಾಡುತ್ತೇನಂತೆ. ಟೊಪ್ಪಿಗೆ ಕಣ್ಣಿನ ಮೇಲೆ ಎಳೆದುಕೊಂಡರೆ ಕಾಲು ಕುಣಿಯುತ್ತದಂತೆ. ಮಹಾದೇವಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಸರ್, ಸಿಟ್ಟ ಆಗಬ್ಯಾಡ್ರಿ. ನೀವು ಆ ನೀರಿನ ಟಾಕಿ ಹಿಂದ ಹೋಗಿ ನಿಂದರ್ರಿ. ಯಾವ ಚೆಂಡು ಅಂತ ಶಮೀಮ ಹೇಳ್ತಾಳ."

ಸಿಟ್ಟು ಬಂತು. ಯಾಕೆ ಸುಳ್ಳು ಹೇಳಲಿ? ಮೊಸರಿನ ಗಡಿಗೆ ಒಡೆದವನು ನಾನು, ಪೇರಲ ಹಣ್ಣು ತಂದವನು ನಾನು, ಈಗ ನನ್ನನ್ನೇ ಹೊರಗೆ ಹಾಕುವುದೇ ಎಂದು ಗಂಟಲವರೆಗೆ ಬಂತು. ಆದರೆ ಆ ಹುಡುಗಿಯ ಮುಖ ನೋಡಿದೆ. ಅವಳ ತಂದೆ ಬೇಲಿಯ ಹತ್ತಿರ ಕದಲದೆ ನಿಂತಿದ್ದರು. ಎದ್ದು ಹೋದೆ.

ಟಾಕಿಯ ಹಿಂದೆ ಪಾಚಿ ಕಟ್ಟಿದ ಗೋಡೆ ಇತ್ತು, ಒಂದು ಸೋರುವ ನಳ ಇತ್ತು. ಬರುವವರೆಲ್ಲ ನೀರು ಕುಡಿದು ನನ್ನನ್ನು ನೋಡಿ, ಮಾಸ್ತರಿಗೆ ಯಾರು ಶಿಕ್ಷೆ ಕೊಟ್ಟರು ಎಂಬಂತೆ ಹೋಗುತ್ತಿದ್ದರು. ನಾನು ಗೋಡೆಗೆ ಮುಖ ಮಾಡಿ ಕಿವಿ ಕೊಟ್ಟೆ. ಬ್ಯಾಟಿಗೆ ತಾಗಿದರೆ ಟಣ್. ತಪ್ಪಿ ಶಮೀಮಳ ಗ್ಲೌಸಿಗೆ ಬಿದ್ದರೆ ಪಟ್. ಪಟ್ ಎಂದಿತು, ಎದೆ ಹಗುರಾಯಿತು. ಟಣ್ ಎಂದಿತು, ಗೋಡೆ ಹಿಡಿದುಕೊಂಡೆ. ಒಂದು ಸಲ ಬ್ಯಾಟು ಸುಂಯ್ ಎಂದು ಗಾಳಿ ಸೀಳಿದ್ದು ಟಾಕಿಯವರೆಗೂ ಕೇಳಿತು. ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಮೆತ್ತಗೆ ಒಂದು ಪಟ್. ಯಾರೋ ಗೊಳ್ಳೆಂದು ನಕ್ಕರು. ಬ್ಯಾಟು ಮೊದಲು, ಚೆಂಡು ಆಮೇಲೆ! ಅದು ನಿಧಾನದ್ದು ಎಂದು ಅಷ್ಟೂ ಜನರಲ್ಲಿ ಕಣ್ಣು ಮುಚ್ಚಿಕೊಂಡು ಹೇಳಬಲ್ಲವನು ನಾನೊಬ್ಬನೇ ಇದ್ದೆ. ಗೋಡೆಯ ಮುಂದೆ ನಿಂತು ಮನಸಾರೆ ಶಡ್ಡು ಹೊಡೆದೆ.

ಕೊನೆಗೆ ದೊಡ್ಡ ಗದ್ದಲವಾಯಿತು. ಯಾರು ಗೆದ್ದರೆಂದು ತಿಳಿಯಲಿಲ್ಲ, ಹೋಗಿ ನೋಡಲು ಧೈರ್ಯವಾಗಲಿಲ್ಲ. ಹುಡುಗಿಯರು ಕುಣಿಯುವ ಭರದಲ್ಲಿ ನನ್ನನ್ನು ಮರೆತೇಬಿಟ್ಟಿದ್ದರು. ಕರೆಯಲು ಬಂದವರು ಪಾಟೀಲರು. "ಬರ್ರಿ ಸರ್, ನಿಮ್ಮ ಹುಡುಗೀನ್ನ ರಾಜ್ಯಕ್ಕ ತಗೊಂಡ್ರು," ಎಂದರು. ಆಮೇಲೆ ಮೀಸೆಯಲ್ಲೇ ನಕ್ಕು, "ನೀವು ಬೆಂಚಿನ ಮ್ಯಾಲೆ ಕುಂತಿದ್ರ ನಾವ ಗೆಲ್ತಿದ್ವಿ" ಎಂದರು. ಮಹಾದೇವಿಯ ತಂದೆ ನನ್ನ ಎರಡೂ ಕೈ ಹಿಡಿದುಕೊಂಡರು. ಆ ರೈತನ ಹಿಡಿತಕ್ಕೆ ಪೈಲ್ವಾನನ ಬೆರಳು ನೋವಾದವು, ಬಿಡಿಸಿಕೊಳ್ಳಬೇಕೆನಿಸಲಿಲ್ಲ.

ಅವಳು ಹಾಸ್ಟೆಲ್ಲಿಗೆ ಹೋದಳು. ರಾಜ್ಯದ ಪಂದ್ಯಗಳನ್ನು ನೋಡಲು ನಾನೂ ಹೋಗುತ್ತಿದ್ದೆ. ಚೆಂಡು ಕೈಗೆ ತೆಗೆದುಕೊಂಡ ಕೂಡಲೇ ಅವಳು ಪ್ರೇಕ್ಷಕರಲ್ಲಿ ನನ್ನನ್ನು ಹುಡುಕಿ, ಬೆರಳಿನಿಂದ ಹಿಂದೆ ತಿರುಗಿ ಎಂದು ತೋರಿಸುತ್ತಿದ್ದಳು. ನಾನು ತಿರುಗಿ ಕೂಡುತ್ತಿದ್ದೆ. ಪಕ್ಕದವರು ನನ್ನನ್ನು ಹುಚ್ಚನೆಂದುಕೊಂಡರು. ಹೀಗಾಗಿ ರಾಜ್ಯದ ಪಂದ್ಯಗಳಲ್ಲಿ ಅವಳ ನಿಧಾನದ ಚೆಂಡನ್ನು ಊರೆಲ್ಲ ನೋಡಿತು, ಕಲಿಸಿದವನು ನೋಡಲಿಲ್ಲ.

ನಾನು ನಿವೃತ್ತನಾದ ದಿನ ಶಾಲೆಯಲ್ಲಿ ರುಮಾಲು ಸುತ್ತಿ, ಶಾಲು ಹೊದಿಸಿ, ಹಾರ ಹಾಕಿ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹೊಗಳಿದರು. ಮಹಾದೇವಿ, ಶಮೀಮ ಇಬ್ಬರೂ ಬಂದಿದ್ದರು, ಈಗ ಕಾಲೇಜು ಓದುವ ಹುಡುಗಿಯರು. ಭಾಷಣ ಮುಗಿದ ಮೇಲೆ ಮಹಾದೇವಿ ನನ್ನನ್ನು ಮೈದಾನಕ್ಕೆ ಎಳೆದೊಯ್ದು ಕೈಗೆ ಬ್ಯಾಟು ಕೊಟ್ಟಳು. ಶಮೀಮ ನನ್ನ ಹಿಂದೆ ಕೂತಳು.

"ಸರ್, ಮೊದಲ ಹೇಳ್ತೇನ್ರಿ. ನಿಧಾನದ್ದ ಒಗೀತೇನಿ," ಎಂದು ಮಹಾದೇವಿ ಕೂಗಿದಳು.

ನಿಧಾನದ್ದು ಎಂದು ಗೊತ್ತಿತ್ತು. ಕಾಯಬೇಕೆಂದೂ ಗೊತ್ತಿತ್ತು. ಅವಳ ತೋಳು ಬಂದ ರಭಸಕ್ಕೆ ನನ್ನ ತಲೆ ಹೇಳಿದ್ದನ್ನು ಮೈ ಕೇಳಲಿಲ್ಲ. ಇದ್ದ ಬಲವನ್ನೆಲ್ಲ ಹಾಕಿ ಬೀಸಿದೆ. ಚೆಂಡು ಇನ್ನೂ ಬಂದೇ ಇರಲಿಲ್ಲ. ಬೀಸಿದ ಜೋರಿಗೆ ಸುತ್ತು ತಿರುಗಿ, ರುಮಾಲು ಒಂದು ಕಡೆ, ನಾನೊಂದು ಕಡೆ ಧೂಳಿನಲ್ಲಿ ಕೂತುಬಿಟ್ಟೆ. ಕೂತಲ್ಲಿಂದ ಅದನ್ನು ನೋಡಿದೆ. ಯಾವ ಅವಸರವೂ ಇಲ್ಲದೆ, ಅದರ ಕೆಂಪು ಹೊಲಿಗೆ ಕೂಡ ಕಾಣುವ ಹಾಗೆ, ನನ್ನ ಮುಂದಿನಿಂದ ಹಾದು ಶಮೀಮಳ ಗ್ಲೌಸಿಗೆ ಬಿತ್ತು. ಇಡೀ ಶಾಲೆ ನಗುತ್ತಿತ್ತು. ನನಗೆ ಅಳು ಬಂತು. ಎಷ್ಟು ಚಂದದ ಚೆಂಡಾಗಿತ್ತು ಅದು!

"ಪೆಟ್ಟಾತೇನ್ರಿ ಸರ್?" ಎಂದು ಮಹಾದೇವಿ ಓಡಿಬಂದಳು.

"ಪೆಟ್ಟಲ್ಲವ್ವ, ಧೂಳು," ಎಂದು ಕಣ್ಣೊರೆಸಿಕೊಂಡೆ. "ಹೋಗು, ಇನ್ನೊಂದು ಒಗಿ."

ಹೇಳಿಯೇ ಎಸೆದಳು. ಮತ್ತೆ ತಪ್ಪಿದೆ. ಮೂರನೆಯದನ್ನೂ ಹೇಳಿಯೇ ಎಸೆದಳು, ಮತ್ತೆ ಮೊದಲೇ ಬೀಸಿದೆ. ಹಿಂದಿನಿಂದ ಶಮೀಮ ಕೈಯೆತ್ತಿ ಊರಿಗೆಲ್ಲ ಕೇಳುವಂತೆ ಕೂಗಿದಳು. ಔಟಾಗಿಯೇ ನಿವೃತ್ತನಾದೆ.